ಎರಡು ಹಳದಿ ಗೆರೆಗಳು

ಸುಳ್ಯದ ಕಾಲೇಜಿನಲ್ಲಿ ಬಿ.ಎಸ್ಸಿ.ಯ ಕೊನೆಯ ವರ್ಷಕ್ಕೆ ಬರುವಾಗ ಭೌತಶಾಸ್ತ್ರಕ್ಕೆ ಉಳಿದವರು ನಾವಿಬ್ಬರು ಹುಡುಗಿಯರು ಮಾತ್ರ. ಬುದ್ಧಿ ಇದ್ದವರು ಬಿ.ಕಾಂ.ಗೆ, ಇನ್ನೂ ಹೆಚ್ಚು ಬುದ್ಧಿ ಇದ್ದವರು ಬಿ.ಸಿ.ಎ.ಗೆ ಹೋಗಿದ್ದರು, ನಮಗಿದ್ದದ್ದು ಹಟ. ನಾನು ಮಂಡೆಕೋಲಿನವಳು, ಅವಳು ಗುತ್ತಿಗಾರಿನ ಕಡೆಯ, ಅರೆಭಾಷೆ ಮಾತಾಡುವ ಮನೆಯವಳು. ಡಿಗ್ರಿ ಮುಗಿಸಿ ಒಟ್ಟಿಗೆ ವಿಶ್ವವಿದ್ಯಾನಿಲಯಕ್ಕೆ ಹೋಗುವುದು, ಒಂದೇ ಹಾಸ್ಟೆಲ್ ಕೋಣೆಯಲ್ಲಿದ್ದು ಎಂ.ಎಸ್ಸಿ. ಮಾಡುವುದು ಎಂದು ನಾವೇ ತೀರ್ಮಾನಿಸಿ ಆಗಿತ್ತು. ಮನೆಯವರನ್ನು ಕೇಳುವ ಕೆಲಸವನ್ನು ಮಾತ್ರ ಮುಂದೆ ಹಾಕಿದ್ದೆವು.

ಪ್ರಯೋಗಾಲಯದಲ್ಲಿ ನಮ್ಮದೊಂದು ಕ್ರಮವಿತ್ತು. ಅವಳು ನೋಡುವವಳು, ನಾನು ಬರೆಯುವವಳು. ಅವಳು ಬೆಳಕಿನ ಗೆರೆಗಳನ್ನು ಅಳೆಯುವ ಸ್ಪೆಕ್ಟ್ರೋಮೀಟರಿಗೆ ಕಣ್ಣಿಟ್ಟು ಗೆರೆಯನ್ನು ಹಿಡಿದು ಅಳತೆ ಓದಿ ಹೇಳುವಳು, ನಾನು ಚಂದದ ಅಕ್ಷರದಲ್ಲಿ ಕೋಷ್ಟಕ ತುಂಬಿ ಲೆಕ್ಕ ಮಾಡುವೆ. ನಮ್ಮೂರುಗಳ ಬಸ್ಸು ತಪ್ಪಿದರೆ ಕತ್ತಲಾಗುವವರೆಗೆ ಗತಿಯಿಲ್ಲ. ಆದ್ದರಿಂದ ಯಾರ ಕೈ ಯಾವುದಕ್ಕೆ ಚುರುಕೋ ಅದನ್ನು ಅವರೇ ಮಾಡುವುದು. ತೋಟದ ಮನೆಗಳಲ್ಲಿ ಕೆಲಸ ಸಾಗುವುದೇ ಹಾಗೆ: ಅಡಿಕೆ ಸುಲಿಯುವವರು ಸುಲಿಯುತ್ತಾರೆ, ಹೆಕ್ಕುವವರು ಹೆಕ್ಕುತ್ತಾರೆ. ಪುತ್ತೂರಿನಿಂದ ಬರುತ್ತಿದ್ದ ನಮ್ಮ ಸರ್, ಒಮ್ಮೆಯಾದರೂ ಜಾಗ ಬದಲಿಸಿ ಎಂದು ಹೇಳುತ್ತಿದ್ದರು. ನಾವು ಆಯ್ತು ಎಂದು ತಲೆಯಾಡಿಸಿ, ಅವರು ಅತ್ತ ಹೋದ ಮೇಲೆ ಇದ್ದಲ್ಲಿಯೇ ಇರುತ್ತಿದ್ದೆವು.

ಅವಳಿಗೆ ಒಂದು ಹುಚ್ಚು ಹಿಡಿದಿತ್ತು. ಸೋಡಿಯಂ ದೀಪದ ಬೆಳಕನ್ನು ಗ್ರೇಟಿಂಗ್ ಎಂಬ ಸೂಕ್ಷ್ಮ ಗೀರುಗಳ ಗಾಜಿನ ಮೂಲಕ ನೋಡಿದರೆ, ಒಂದೇ ಎಂದು ತೋರುವ ಹಳದಿ ಗೆರೆ ನಿಜವಾಗಿ ಎರಡು ಎಂದು ಪುಸ್ತಕದಲ್ಲಿತ್ತು. ನಮ್ಮ ಕಾಲೇಜಿನ ಗ್ರೇಟಿಂಗ್ ಹಳತು, ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಬೇರೆ. ಎಷ್ಟು ತಿರುಗಿಸಿದರೂ ದಪ್ಪದ ಒಂದೇ ಗೆರೆ. ನಾನು ಬ್ಯಾಗು ಹೆಗಲಿಗೇರಿಸಿ, ಬಸ್ಸು ಹೋಗುತ್ತದೆ ಎಂದು ಗದರಿಸುವೆ. ಅವಳು ಕಣ್ಣು ತೆಗೆಯದೆ ಹೇಳುವಳು: "ಎರಡುಂಟು ಮಾರಾಯ್ತಿ, ನಂಗೆ ಗೊತ್ತುಂಟು. ಯೂನಿವರ್ಸಿಟಿಗೆ ಹೋದ ಮೇಲೆ ಫಸ್ಟ್ ನೋಡುದು ಇದನ್ನೇ."

ಅಲ್ಲಿಗೆ ಹೋದದ್ದು ನಾನೊಬ್ಬಳೇ. ಪ್ರವೇಶ ಪಟ್ಟಿಯಲ್ಲಿ ಇಬ್ಬರ ಹೆಸರೂ ಇತ್ತು, ಅವಳದ್ದು ನನ್ನದಕ್ಕಿಂತ ಮೇಲೆ. ಅಷ್ಟರಲ್ಲಿ ಕಡಬದಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗನ ಮನೆಯವರು ಕೆಟ್ಟವರಲ್ಲ. ಮದುವೆಯಾಗಿ ಮತ್ತೆ ಓದಬಹುದಲ್ಲ ಎಂದರು. ಈ 'ಮತ್ತೆ ಓದಬಹುದಲ್ಲ' ಎಂಬುದರಷ್ಟು ಸಿಟ್ಟು ತರಿಸುವ ಮಾತು ನನಗೆ ಇನ್ನೊಂದಿಲ್ಲ. ಬೇಡ ಎಂದರೆ ಜಗಳವಾದರೂ ಆಡಬಹುದು. ಇದಕ್ಕೆ ಏನೆಂದು ಜಗಳಾಡುವುದು? ಅವಳೂ ಆಡಲಿಲ್ಲ. ಮದುವೆಯ ದಿನ ನನ್ನ ಕೈ ಹಿಡಿದು, ಒಂದು ವರ್ಷ ಬಿಟ್ಟು ಬಂದು ನಿನ್ನ ಜೂನಿಯರ್ ಆಗುತ್ತೇನೆ ಎಂದು ನಗಾಡಿದಳು. ನಾನು ನಂಬಿದೆ.

ವಿಶ್ವವಿದ್ಯಾನಿಲಯದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಉಪಕರಣ. ನೋಡುವವಳೂ ನಾನೇ, ಬರೆಯುವವಳೂ ನಾನೇ. ಡಿಗ್ರಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಚೀಟಿ ಎತ್ತಿದಾಗ ವಿದ್ಯುತ್ತಿನ ಪ್ರಯೋಗ ಬಂದು ಪಾರಾಗಿದ್ದೆ. ಇಲ್ಲಿ ಕತ್ತಲೆ ಕೋಣೆಯಲ್ಲಿ ಕಣ್ಣಿಟ್ಟರೆ ನನ್ನದೇ ರೆಪ್ಪೆ ಕಾಣುತ್ತಿತ್ತು. ಪಕ್ಕದವರೆಲ್ಲ ಅಳತೆ ಮುಗಿಸಿ ಎದ್ದು ಹೋದರು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ಆ ಸಂಜೆ ನಾಚಿಕೆ ಬಿಟ್ಟು ಅವಳಿಗೇ ಫೋನು ಮಾಡಿದೆ. ಅವಳು ಅಡುಗೆಮನೆಯಲ್ಲಿದ್ದಳು, ಕುಕ್ಕರಿನ ಸೀಟಿ ಕೇಳುತ್ತಿತ್ತು. ಒಂದು ಕಣ್ಣು ಮುಚ್ಚಬೇಡ, ಎರಡೂ ತೆರೆದೇ ಇಡು. ಮೊದಲು ಅದರ ಕೊಳವೆಯನ್ನು ಕಿಟಕಿಯ ಕಡೆಗೆ ಮಾಡಿ ದೂರದ ಮರ ನೋಡು, ತಲೆಕೆಳಗಾಗಿ ಕಾಣುವ ಮರ ಸ್ಪಷ್ಟವಾಗುವವರೆಗೆ ತಿರುಪು ತಿರುಗಿಸು, ಆಮೇಲೆ ದೀಪದ ಕಡೆಗೆ ಬಾ ಎಂದು ಸಾವಧಾನವಾಗಿ ಹೇಳಿಕೊಟ್ಟಳು.

ಮರುವಾರ ಕಂಡಿತು. ಕಪ್ಪಿನ ನಡುವೆ ಎರಡು ಹಳದಿ ಗೆರೆ, ಕೂದಲೆಳೆಯಷ್ಟು ಸಪೂರ, ಮಧ್ಯೆ ಚೂರು ಕತ್ತಲೆ. ಚಂದವಿತ್ತು. ಸಂತೋಷವಾಗುವ ಬದಲು ನನಗೆ ಅಳು ಬಂತು. ಇದನ್ನು ನೋಡಬೇಕಾದ ಕಣ್ಣು ನನ್ನದಲ್ಲ ಅನ್ನಿಸಿತು. ಫೋನಿನಲ್ಲಿ ಹೇಳಿದಾಗ ಅವಳು, ನಡುವೆ ಎಷ್ಟು ಅಂತರ ಉಂಟು, ಎರಡೂ ಒಂದೇ ಸಮ ಹೊಳೆಯುತ್ತವೆಯೇ ಎಂದು ಕೇಳಿದಳು. ಹೊಳಪನ್ನು ನಾನು ಗಮನಿಸಿಯೇ ಇರಲಿಲ್ಲ.

ಅವಳ ಒಂದು ವರ್ಷ ಎರಡಾಯಿತು, ಮಗುವಾಯಿತು, ಮಾವ ಹಾಸಿಗೆ ಹಿಡಿದರು. ಯಾರೂ ಅವಳನ್ನು ತಡೆಯಲಿಲ್ಲ, ಬಿಡುವಾಗಲಿಲ್ಲ ಅಷ್ಟೆ. ನಾನೀಗ ಪುತ್ತೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಹೋದ ವರ್ಷ ನಮ್ಮ ಪ್ರಯೋಗಾಲಯಕ್ಕೆ ಹೊಸ ಗ್ರೇಟಿಂಗ್ ಬಂತು. ಈಶ್ವರಮಂಗಲದ ಒಂದು ಮದುವೆಯಲ್ಲಿ ಅವಳು ಸಿಕ್ಕಿದಾಗ ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತು, ಒಂದು ಶನಿವಾರ ಬಾ, ನಾನೇ ದೀಪ ಹಚ್ಚಿ ಎಲ್ಲ ತಯಾರು ಮಾಡಿಡುತ್ತೇನೆ, ನೀನು ಕಣ್ಣಿಟ್ಟರೆ ಸಾಕು ಎಂದೆ. ಕಡಬದಿಂದ ಪುತ್ತೂರಿಗೆ ಬಸ್ಸಿಗೇನೂ ಬರಗಾಲವಿಲ್ಲ ಎಂದೂ ಸೇರಿಸಿದೆ.

ಅವಳು ಎಲೆಯಲ್ಲಿದ್ದ ಹೋಳಿಗೆಯನ್ನು ಮುರಿದು ಸಣ್ಣ ಸಣ್ಣ ಚೂರು ಮಾಡಿದಳು.

"ಬೇಡ ಮಾರಾಯ್ತಿ," ಎಂದಳು ಕೊನೆಗೆ. "ಈಗ ನೋಡಿದ್ರೆ ನಂಗೆ ಪುನಃ ಆಸೆ ಆಗ್ತದೆ. ಆಮೇಲೆ ನಾನೆಂತ ಮಾಡುದು?"

ಬಡಿಸುವವರು ಪಾಯಸ ತಂದರು, ಇಬ್ಬರೂ ಹಾಕಿಸಿಕೊಂಡೆವು.