ಮಾತಿಗೆ ಮಾತು ಕೊಡುವ ಕಳ್ಳಿ

ಅಗ್ಗದ ವಸ್ತು ಕಂಡರೆ ನನ್ನ ಕೈ ತಡೆಯುವುದಿಲ್ಲ. ಹೆಂಡತಿ ಇದನ್ನು ರೋಗವೆನ್ನುತ್ತಾಳೆ, ನಾನು ಕುತೂಹಲವೆನ್ನುತ್ತೇನೆ. ಚಾರ್ಜ್ ಮಾಡುವಾಗ ಮಾತ್ರ ಉರಿಯುವ ಟಾರ್ಚು, ಸೊಳ್ಳೆಯನ್ನು ಕೊಲ್ಲದೆ ಬರೀ ಬೆಚ್ಚಿಬೀಳಿಸಿ ಕಳಿಸುವ ಬ್ಯಾಟು, ಎಲ್ಲವೂ ಸೇರಿ ನಮ್ಮ ಮನೆಯಲ್ಲಿ ಚೀನಾ ದೇಶದ ಒಂದು ಸಣ್ಣ ತಾಲೂಕೇ ಇದೆ.

ಎದುರು ಮನೆಯ ಶಿವರುದ್ರಪ್ಪನವರು ಈ ತಾಲೂಕಿನ ಕಡುವೈರಿ. ಮೂಲತಃ ಖಾದಿಗೆ ಹೆಸರಾದ ಗರಗದವರು. ಅರಳೆ ವ್ಯಾಪಾರ ಸಾಕುಮಾಡಿ ಗೋಕುಲ ರಸ್ತೆಯ ಕಡೆ ಮನೆ ಕಟ್ಟಿಸಿದವರು. ಖಾದಿ ಬಿಟ್ಟು ಬೇರೇನನ್ನೂ ತೊಟ್ಟವರಲ್ಲ. ದಿನಾ ಸಂಜೆ ನಮ್ಮಲ್ಲಿಗೆ ಚಹಾಕ್ಕೆ ಬರುತ್ತಿದ್ದರು. ಚೀನಾ ಮಾಲು ಬಾಳುತ್ತದೋ ಇಲ್ಲವೋ ಎಂಬ ವಾದವೂ ಅವರ ಹಿಂದೆಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಿತ್ತು.

ಒಮ್ಮೆ ನಾನು ನಿವೃತ್ತ ಮಾಸ್ತರನ ಗತ್ತಿನಲ್ಲಿ, ಹಳೆಯ ಕಾವ್ಯಗಳ ರಾಜಕುಮಾರಿಯರು ಉಡುತ್ತಿದ್ದ ‘ಚೀನಾಂಶುಕ’ ಎಂದರೆ ಚೀನಾ ದೇಶದ ರೇಷ್ಮೆಯೇ ಎಂದು ವಿವರಿಸಿದೆ.

“ಆ ಸೀರಿ ಈಗ ಎಲ್ಲೈತಿ ತೋರಸ್ರಿ ಮಾಸ್ತರ,” ಎಂದರು ಶಿವರುದ್ರಪ್ಪ. “ಹರದು ಹೋಗೇತಿ!”

ಇಂಥ ತರ್ಕಕ್ಕೆ ಸಂಸ್ಕೃತದಲ್ಲೂ ಉತ್ತರವಿಲ್ಲ.

ಹೀಗಿರುವಾಗ ನಾನು ಪೇಟೆಯಿಂದ ಕುಣಿಯುವ ಪಾಪಾಸುಕಳ್ಳಿಯೊಂದನ್ನು ತಂದೆ. ಹಸಿರು ಬಟ್ಟೆಯ ಗೊಂಬೆ. ನಾವು ಆಡಿದ್ದನ್ನೇ ಕೀರಲು ದನಿಯಲ್ಲಿ ತಿರುಗಿ ಆಡುತ್ತ ಸೊಂಟ ಬಳುಕಿಸುತ್ತದೆ. ಸಂಜೆ ಶಿವರುದ್ರಪ್ಪ ಬಂದವರೇ ಅದನ್ನು ನೋಡಿ, “ಚೈನಾ ಮಾಲ್ ಅಂದ್ರ ಬರೇ ಕಸ!” ಎಂದರು.

“ಚೈನಾ ಮಾಲ್ ಅಂದ್ರ ಬರೇ ಕಸ!” ಎಂದಿತು ಕಳ್ಳಿ, ಬಳುಕುತ್ತ.

ಅವರಿಗೆ ಖುಷಿಯೋ ಖುಷಿ. “ನೋಡ್ರಿ, ತಾನ ಒಪ್ಕೊಂತು!”

ಕಳ್ಳಿ ಇದನ್ನೂ ಘೋಷಿಸಿತು.

“ಏ, ಸುಮ್ನಿರು.”

“ಏ, ಸುಮ್ನಿರು.”

“ಯಾರಿಗೆ ಹೇಳಾಕತ್ತಿ? ನಾಚಿಕಿಲ್ಲೇನ್ ನಿನಗ?”

ಕಳ್ಳಿ ಅದನ್ನೂ ಅವರಿಗೇ ತಿರುಗಿ ಕೇಳಿತು. ಶಿವರುದ್ರಪ್ಪನವರನ್ನು ಏಕವಚನದಲ್ಲಿ ಮಾತಾಡಿಸುವವರು ಊರಲ್ಲಿ ಯಾರೂ ಉಳಿದಿಲ್ಲ. ಮೇಲಾಗಿ, ಕೊನೆಯ ಮಾತು ತಮ್ಮದೇ ಆಗಬೇಕೆಂಬುದು ಅವರ ಹಟ. ಕಳ್ಳಿಯ ಹಟವೂ ಅದೇ. ಇಬ್ಬರೂ ದನಿ ಏರಿಸುತ್ತ ಹೋದರು. ನಾನು ತಡೆಯಲಾರದೆ ನಕ್ಕುಬಿಟ್ಟೆ.

“ಗೊಂಬಿ ಕಡಿಂದ ನನ್ನ ಬೈಸಿದ್ರಿ, ಮಾಸ್ತರ,” ಎಂದು ಅವರು ಎದ್ದು ಹೋದರು. ಆ ಮಾತನ್ನೂ ಕಳ್ಳಿ ಅವರ ಬೆನ್ನ ಹಿಂದೆಯೇ ಆಡಿತು.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಬ್ಬನೇ ಕೂತು ಕಳ್ಳಿಯ ಮುಂದೆ ನನ್ನ ವಾದ ಮಂಡಿಸಿದೆ. ಅದು ಪ್ರತಿಯೊಂದನ್ನೂ ಒಪ್ಪಿಕೊಂಡಿತು. ಹೇಳಿಕೊಟ್ಟಿದ್ದನ್ನೇ ಒಪ್ಪಿಸುವ ವರ್ಗದ ಮುಂದೆ ಇಡೀ ಆಯುಷ್ಯ ಕಳೆದವನು ನಾನು. ಗೆಲ್ಲುವುದು ಎಷ್ಟು ಬೇಸರದ ಕೆಲಸವೆಂದು ಹೊಸದಾಗಿ ತಿಳಿಯಬೇಕಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಚಹಾ ಕೂಡ ಸಪ್ಪಗಾಯಿತು. ಕೊನೆಗೆ ಮಾನ ಬಿಟ್ಟು ರಸ್ತೆ ದಾಟಿದೆ.

ಬಾಗಿಲು ತಟ್ಟಲು ಕೈ ಎತ್ತಿದವನು ಹಾಗೇ ನಿಂತೆ. ಒಳಗೆ ವಾದ ನಡೆದಿತ್ತು.

“ಕಡಿಮಿ ರೊಕ್ಕಕ್ಕ ಬಡವರ ಮನ್ಯಾಗೂ ಬೆಳಕ ಬಂತು ಅಂತಾರ ಮಾಸ್ತರ. ಅದಕ್ಕೇನಂತಿ?” ಶಿವರುದ್ರಪ್ಪನವರ ದನಿ. ಅದರ ಬೆನ್ನಿಗೇ ಅದೇ ಪ್ರಶ್ನೆ, ಕೀರಲು ದನಿಯಲ್ಲಿ.

ನನ್ನ ಪಕ್ಷವನ್ನು ನಾನೇ ಎಂದೂ ಅಷ್ಟು ಚೆನ್ನಾಗಿ ಮಂಡಿಸಿರಲಿಲ್ಲ. ನಾನೇ ಗೆಲ್ಲುವ ಲಕ್ಷಣ ಕಂಡಿತು. ತುಸು ತಡೆದೇ ಬಾಗಿಲು ತಟ್ಟಿದೆ.

ಬಾಗಿಲು ತೆರೆದ ಅವರ ಹಿಂದೆ, ಮೇಜಿನ ಮೇಲೆ, ನನ್ನದರಂಥದೇ ಒಂದು ಕಳ್ಳಿ. ತಲೆಗೆ ಖಾದಿ ಟೊಪ್ಪಿಗೆ.

“ಮಾತಾಡಾಕ ಯಾರೂ ಇರಲಿಲ್ಲ, ಅದಕ್ಕ ಇದನ್ನ ತಂದ್ನಿ,” ಎಂದರು, ನನ್ನ ಮುಖ ನೋಡದೆ. “ಆದ್ರ ವಾದಕ್ಕ ಬರಂಗಿಲ್ರಿ ಇದು. ಏನ್ ಹೇಳಿದ್ರೂ ಹೂಂ ಅಂತೈತಿ.”

ಅವರಿಗೆ ಸಮಾಧಾನವಾಗಲೆಂದು, “ಚೈನಾ ಮಾಲ್ ಅಲ್ಲೇನ್ರಿ, ಮತ್ತೇನಾಕ್ಕೈತಿ?” ಎಂದೆ.

ಶಿವರುದ್ರಪ್ಪ ಕೆರಳಿದರು. “ಹಂಗನಬ್ಯಾಡ್ರಿ! ದಿನಾ ತಾಸಗಟ್ಟಲೆ ಮಾತಾಡೇನಿ, ಒಮ್ಮೆನೂ ಕೆಟ್ಟಿಲ್ಲ!”

“ಇವತ್ತ ಕೆಟ್ಟಿಲ್ಲ. ನಾಳಿ ಕೆಡತೈತಿ.”

“ಹೆಂಗ್ ಕೆಡತೈತಿ? ಕೆಡಿಸಿ ತೋರಸ್ರಿ!”

ಕುರ್ಚಿ ಎಳೆದುಕೊಂಡು ಕೂತೆವು. ನಾನು ಬೈದದ್ದನ್ನೂ ಅವರು ಹೊಗಳಿದ್ದನ್ನೂ ಕಳ್ಳಿ ಒಂದೇ ಉತ್ಸಾಹದಲ್ಲಿ ಸಾರುತ್ತ ಕುಣಿಯತೊಡಗಿತು. ಆಗ ಅವರ ಹೆಂಡತಿ ಗೌರವ್ವ ಅಡುಗೆಮನೆಯಿಂದ ಬಂದರು. ಚಹಾದ ಕಪ್ಪುಗಳನ್ನು ನಮ್ಮ ಮುಂದಿಟ್ಟು, ಕಳ್ಳಿಯನ್ನು ತಲೆಕೆಳಗು ಮಾಡಿ, ಸೆಲ್ಲುಗಳನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡರು.

“ಮೂರ ಮಂದಿ ಆದ್ರ ನನ್ನ ಕಿವಿ ತಡಿಯಂಗಿಲ್ಲ,” ಎಂದರು. “ಇನ್ನ ನೀವಿಬ್ರ ನಡಸ್ರಿ.”