ಇರುವೆಗೆ ಬರೆದ ಸಾಲು

ಬೆಳಗ್ಗೆ ಹಿಟ್ಟು ನಾದಿದೆ. ನಳ ಬಂದಾಗ ಎರಡೂ ಕೊಡ ತುಂಬಿಟ್ಟೆ. ಅತ್ತೆಯವರ ಮೊಣಕಾಲಿಗೆ ಎಣ್ಣೆ ಹಚ್ಚಿ, ನಿನ್ನೆಯ ಬಟ್ಟೆ ಮಡಚಿ, ಡಬ್ಬಿ ಕಟ್ಟಿಕೊಂಡು ಭಾಲ್ಕಿಯಿಂದ ಬರುವ ಬಸ್ಸು ಹಿಡಿದೆ. ಬೀದರಿನಲ್ಲಿ ಇಳಿದು ಆಟೋದಲ್ಲಿ ಕೊಳಾರಕ್ಕೆ ಬಂದು, ನಮ್ಮ ಬೀಜದ ಗೋದಾಮಿನ ಬೀಗ ತೆಗೆಸಿ, ಪ್ರಿಂಟರಿಗೆ ಹೊಸ ಹಾಳೆ ಇಟ್ಟೆ. ಹಾಳೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತುವಾಗ ಚಾಚಾ ನೆನಪಾದರು.

ಅವರ ಎಡಗೈ ಹೆಬ್ಬೆರಳು ಚಪ್ಪಟೆಯಾಗಿ, ಹೊರಕ್ಕೆ ಬಾಗಿ, ಚಮಚದ ಹಾಗಿತ್ತು. ಹರೆಯವನ್ನೆಲ್ಲ ಹಳೆಯ ಬೀದರಿನ ಒಂದು ಪ್ರೆಸ್ಸಿನಲ್ಲಿ ಸೀಸದ ಅಕ್ಷರ ಜೋಡಿಸುತ್ತ ಕಳೆದವರು ಅವರು. ಜೋಡಿಸಿದ ಸಾಲು ಉದುರದಂತೆ ಆ ಬೆರಳಿನಿಂದಲೇ ಒತ್ತಿ ಹಿಡಿಯಬೇಕಿತ್ತಂತೆ. ಪ್ರೆಸ್ಸು ಮುಚ್ಚಿದ ಮೇಲೆ ನಮ್ಮ ಗೋದಾಮಿಗೆ ಬಂದು ಕಂಪ್ಯೂಟರ್ ಕಲಿತರು. ನನಗೆ ಕಲಿಸಿದವರೂ ಅವರೇ.

ನಮ್ಮ ಕಂಪ್ಯೂಟರ್ ಮನೆಯಲ್ಲಿ ಮಕ್ಕಳು ಬಳಸುವಂಥದ್ದಲ್ಲ. ಒಳಗಿನ ತಂಪು ಕೋಣೆಯಲ್ಲಿ ಕಪಾಟಿನಂಥ ಕರಿ ಪೆಟ್ಟಿಗೆ. ಹೊರಗೆ ನಮ್ಮೆದುರು ಕಪ್ಪು ಪರದೆ, ಹಸಿರು ಅಕ್ಷರ. ಮೌಸ್ ಇಲ್ಲ. ಮಾಲಿನ ಜೊತೆ ಹೋಗುವ ಚೀಟಿಯಲ್ಲಿ ಏನಾದರೂ ಸರಿಸಬೇಕೆಂದರೆ ಚೀಟಿಯೇ ಪರದೆಯ ಮೇಲೆ ಕಾಣುವುದಿಲ್ಲ. ಗೆರೆ, ಚೌಕ, ಅಕ್ಷರ, ಚಿತ್ರ ಎಲ್ಲವೂ ಬರೀ ಅಂಕಿ: ಮೇಲಿನಿಂದ ಎಷ್ಟು ಕೆಳಗೆ, ಎಡದಿಂದ ಎಷ್ಟು ಒಳಗೆ. ಅಂಕಿ ತಿದ್ದಿ, ಅಚ್ಚು ತೆಗೆದು ನೋಡಿದಾಗಲೇ ಗೆರೆ ಎಲ್ಲಿ ಹೋಗಿ ಕೂತಿದೆ ಎಂದು ತಿಳಿಯುವುದು. ಅಚ್ಚಾಗಿ ಬಂದ ಹಾಳೆಯನ್ನು ಚಾಚಾ ಯಾವಾಗಲೂ ತಲೆಕೆಳಗಾಗಿ ಹಿಡಿಯುತ್ತಿದ್ದರು.

“ಸೀದಾ ಹಿಡಿದ್ರ ಕಣ್ಣು ಓದ್ಲಾಕ ಹತ್ತತದ ಬೇಟಿ. ಉಲ್ಟಾ ಹಿಡಿದ್ರ ನೋಡತದ.”

ಚೌಕಕ್ಕೆ ಅವರು ಖಾನಾ ಎನ್ನುತ್ತಿದ್ದರು. ಊಟಕ್ಕೂ ಅವರ ಬಾಯಲ್ಲಿ ಅದೇ ಮಾತು. ಹಮಾಲರು “ಚಾಚಾ, ಖಾನಾ ಆಯ್ತಾ?” ಎಂದು ಕೇಳಿದರೆ, “ಹಾಳಿ ಮ್ಯಾಲಿಂದು ಆಯ್ತು, ಹೊಟ್ಟಿದು ಬಾಕಿ ಅದ” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಒಂದು ಸಲ ಕಡಲೆ ಬಿತ್ತನೆಯ ಹಂಗಾಮಿನಲ್ಲಿ ಹಲಬರ್ಗಾದ ಒಬ್ಬ ಹೆಣ್ಣುಮಗಳು ಕಿಟಕಿಗೆ ಬಂದಳು. ಸಣ್ಣ ಹಿಡುವಳಿಯವರಿಗೆ ನಾವು ದೊಡ್ಡ ಚೀಲ ಬಿಚ್ಚಿ ಬೇಕಾದಷ್ಟೇ ತೂಗಿ ಕೊಡುತ್ತಿದ್ದೆವು. ಹಾಗಾಗಿ ಬೀಜದ ಜೊತೆ ಅವರ ಮನೆಗೆ ಹೋಗುವುದು ನಮ್ಮ ಚೀಟಿಯೊಂದೇ.

“ಬಿತ್ತಿದ ಮ್ಯಾಲ ಚೂರು ಬೀಜ ಉಳದಾವ್ರಿ ಕಾಕಾ. ತೊಳದು ಹುರದ್ರ ನಡಿತದೇನು? ಗುಲಾಬಿ ಬಣ್ಣ ನೋಡಿ ನಮ್ಮ ಸಣ್ಣ ಹುಡುಗಿ ತನಗ ಬೇಕಂತ ಹಟ ಹಿಡದಾಳ.”

ಚಾಚಾ ಕುರ್ಚಿಯಿಂದ ಎದ್ದರು. “ತಿಂದಾಳೇನು?”

“ಇಲ್ರಿ. ನಿಮ್ಮನ್ನ ಕೇಳಿ ಕೊಟ್ಟರಾಯ್ತಂತ ಮ್ಯಾಲ ಇಟ್ಟು ಬಂದೀನಿ.”

“ಕೊಡಬ್ಯಾಡವಾ. ಅದಕ್ಕ ವಿಷದ ಔಷಧ ಹಚ್ಚ್ಯಾರ. ಎಷ್ಟು ತೊಳದ್ರೂ ತಿನ್ಲಾಕ ಬರಲ್ಲ.”

“ಹಂಗಂತ ಎಲ್ಲಿ ಬರದದ್ರಿ?”

ಚೀಟಿಯ ಕೆಳತುದಿಯಲ್ಲಿ, ಇಂಗ್ಲಿಷಿನಲ್ಲಿ, ಕೂದಲೆಳೆಯಂಥ ಒಂದು ಸಾಲಿತ್ತು. ಚಾಚಾ ಅದನ್ನು ತೋರಿಸಿದರು. ಅವಳು ಸಾಲನ್ನೂ ನೋಡಿದಳು, ಅವರನ್ನೂ ನೋಡಿದಳು. “ಇದು ಇರುವಿಗಿ ಬರದೀರೇನ್ರಿ?”

ನಾನು ನಕ್ಕೆ. ಚಾಚಾ ನಗಲಿಲ್ಲ. ಅಂದು ಸಂಜೆ ಔರಾದಿಗೆ ಲಾರಿ ಹೊರಡುವುದಿತ್ತು, ಇಂಥವೇ ಸಣ್ಣ ಸಣ್ಣ ಬೀಜದ ಗಂಟುಗಳನ್ನು ತುಂಬಿಕೊಂಡು. ಪ್ರತಿ ಗಂಟಿಗೂ ಇದೇ ಚೀಟಿ. “ಅಲ್ಲೂ ಸಣ್ಣ ಹುಡುಗ್ರು ಇರತಾವ. ಗಾಡಿ ಬಿಡೋದ್ರಾಗ ಚೀಟಿ ಬದಲಾಗಬೇಕು ಬೇಟಿ,” ಎಂದರು.

ಆ ಕರಿ ಪೆಟ್ಟಿಗೆಗೆ ಕನ್ನಡ ಬರುತ್ತಿರಲಿಲ್ಲ. ಚಿತ್ರವಾದರೆ ಒಪ್ಪುತ್ತಿತ್ತು. ಚಾಚಾ ದಪ್ಪ ಪೆನ್ನು ತೆಗೆದುಕೊಂಡು ಬಿಳಿ ಹಾಳೆಯ ಮೇಲೆ ಗುಂಡು ಗುಂಡಾಗಿ ಬರೆದರು: ‘ಈ ಬೀಜಕ್ಕ ವಿಷ ಹಚ್ಚೀವಿ. ತಿನಬ್ಯಾಡ್ರಿ, ಕೋಳಿಗೂ ಹಾಕಬ್ಯಾಡ್ರಿ.’

ಅಷ್ಟರಲ್ಲಿ ನಮ್ಮ ಮ್ಯಾನೇಜರ್ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಆದರೆ ಅಂಜುಬುರುಕ. “ಚಾಚಾ, ಕಂಪನಿ ಹಾಳಿ ಅದ. ‘ಸೇವನೆಗೆ ಯೋಗ್ಯವಲ್ಲ’ ಅಂತ ಚಂದಾಗಿ ಬರೀರಿ.”

“ಯೋಗ್ಯ, ಅಯೋಗ್ಯ ಅನ್ಲಾಕ ನಾವೇನು ವರ ನೋಡ್ಲಾಕ ಕುಂತೀವೇನ್ರಿ ಸಾಬ್?”

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ದನಿ ತಗ್ಗಿಸಿದರು. “ಹೈದರಾಬಾದಿನವರಿಗಿ ಕೇಳದೇ ಹಾಳಿ ಮುಟ್ಟಿದ್ರ ಏನಂತಾರೋ.” ಚಾಚಾನ ನೌಕರಿಯನ್ನು ಪ್ರತಿವರ್ಷ ಮುಂದುವರಿಸುವುದೂ ಆ ಹೈದರಾಬಾದ್ ಕಚೇರಿಯವರ ಕೈಯಲ್ಲೇ ಇತ್ತು. ಅದು ಇಬ್ಬರಿಗೂ ಗೊತ್ತಿತ್ತು.

“ಕೇಳಿದ್ರ ನಂದೇ ಹೆಸರು ಹೇಳ್ರಿ,” ಎಂದು ಚಾಚಾ ಮತ್ತೆ ಹಾಳೆಯ ಕಡೆ ತಿರುಗಿದರು.

ಬರಹವನ್ನು ಚಿತ್ರ ಮಾಡಿ ಒಳಗೆ ಸೇರಿಸಿದ್ದಾಯಿತು. ಆದರೆ ಚೀಟಿಯಲ್ಲಿ ಅದನ್ನು ಇಡಲು ಜಾಗವೇ ಇರಲಿಲ್ಲ. ಮೇಲೆ ಕಂಪನಿಯ ಹೆಸರು, ನಡುವೆ ಮಾಲಿನ ವಿವರ, ಕೆಳಗೆ ‘ಕಚೇರಿ ಉಪಯೋಗಕ್ಕೆ ಮಾತ್ರ’ ಎಂದು ಇಂಗ್ಲಿಷಿನಲ್ಲಿ ಬರೆದ ದೊಡ್ಡ ಚೌಕ. ನಾನು ಕೀಲಿಮಣೆಯ ಮುಂದೆ, ಚಾಚಾ ಸ್ಕೇಲು ಹಿಡಿದು ಮೇಜಿನ ಹತ್ತಿರ. ಅಲ್ಲಿಂದಲೇ ಕೂಗಿ ಹೇಳಿದರು, “ಬೇಟಿ, ಖಾನಾ ತೆಗಿ.”

ನಮ್ಮ ಕಡೆ ರಂಗೋಲಿ ತೆಗೆಯುವುದೆಂದರೆ ಬಿಡಿಸುವುದು, ಕಸ ತೆಗೆಯುವುದೆಂದರೆ ಎತ್ತಿ ಬಿಸಾಡುವುದು. ಹೊಸ ಬರಹದ ಸುತ್ತ ಚೌಕ ಬಿಡಿಸು ಎಂದು ಅವರು ಹೇಳಿದ್ದು. ಜಾಗದ ಚಿಂತೆಯಲ್ಲಿದ್ದ ನಾನು ಕೆಳಗಿನ ದೊಡ್ಡ ಚೌಕವನ್ನೇ ಅಳಿಸಿಬಿಟ್ಟೆ.

ಅಚ್ಚು ಬಂತು. ಚಾಚಾ ಹಾಳೆಯನ್ನು ತಲೆಕೆಳಗು ಹಿಡಿದು ಬಹಳ ಹೊತ್ತು ನೋಡಿದರು. “ಕಚೇರಿದು ಎಲ್ಲಿ ಹೋಯ್ತು?”

“ನೀವೇ ತೆಗಿ ಅಂದ್ರಲ್ಲ ಚಾಚಾ.”

“ನಾ ತೆಗಿ ಅಂದ್ರ ನೀ ತೆಗೆದೇ ಬಿಟ್ಟಿ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇರ್ಲಿ ಬಿಡು. ಅದರಾಗ ಯಾರಾದ್ರೂ ಏನಾದ್ರೂ ಬರದಿದ್ದು ಕಂಡೀಯೇನು?”

ಕಂಡಿರಲಿಲ್ಲ. ನಾನು ಸೇರಿದಾಗಿನಿಂದ ಅದು ಖಾಲಿಯೇ ಹೋಗುತ್ತಿತ್ತು. ಮಾಲಿನ ವಿವರವನ್ನು ಕೆಳಕ್ಕೆ ಇಳಿಸಿದೆವು. ಕಂಪನಿಯ ಹೆಸರಿನ ಕೆಳಗೇ ಚಾಚಾನ ಅಕ್ಷರ ಕುಳಿತಿತು, ಸುತ್ತ ದಪ್ಪ ಗೆರೆಯ ಖಾನಾ. ಔರಾದಿನ ಲಾರಿ ಹೊಸ ಚೀಟಿಗಳೊಂದಿಗೇ ಹೊರಟಿತು. ಲಾರಿ ಗೇಟು ದಾಟುವವರೆಗೂ ಚಾಚಾ ನಿಂತಿದ್ದರು.

ಹೈದರಾಬಾದಿನವರ ಕಣ್ಣಿಗೆ ಅದು ಬಿದ್ದದ್ದು ಹಂಗಾಮು ಮುಗಿದ ಮೇಲೆ. ಕಚೇರಿ ಉಪಯೋಗದ ಚೌಕ ಏನಾಯಿತು ಎಂದು ಫೋನಿನಲ್ಲಿ ಕೇಳಿದರು. ಚಾಚಾ ತಣ್ಣಗೆ, “ಉಪಯೋಗಕ್ಕ ಬಂತ್ರಿ,” ಎಂದರು. ಆ ವರ್ಷ ಅವರ ನೌಕರಿ ಮುಂದುವರಿಯಲಿಲ್ಲ. ಆ ಮಾತೇ ಕಾರಣವೋ, ವಯಸ್ಸೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೋಗುವ ಮುಂಚೆ ತಮ್ಮ ಕೆಲಸವನ್ನೆಲ್ಲ ನನಗೆ ಕೂರಿಸಿ ಹೇಳಿಕೊಟ್ಟರು. ನನ್ನ ಮನೆ ನಡೆಯುತ್ತಿರುವುದು ಆ ಕೆಲಸದಿಂದಲೇ.

ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ನೋಡಲು ಹೋದಾಗ ಹಾಸಿಗೆಯಿಂದಲೇ ಕೇಳಿದ್ದು ಒಂದೇ ಮಾತು: “ಹಲಬರ್ಗಾದಾಕಿ ಮತ್ತ ಬಂದಿದ್ದಳೇನು? ಹುಡುಗಿ ಹ್ಯಾಂಗದಾಳ?” ಬಂದಿದ್ದಳು, ಹುಡುಗಿ ಶಾಲೆಗೆ ಹೋಗುತ್ತಾಳಂತೆ ಎಂದೆ. ಕಣ್ಣು ಮುಚ್ಚಿ ತಲೆಯಾಡಿಸಿದರು.

ಇವತ್ತು ಮಧ್ಯಾಹ್ನ ಔರಾದ ಕಡೆಯ ಮುದುಕರೊಬ್ಬರು ಬಿತ್ತನೆಯ ಕಡಲೆ ಒಯ್ಯಲು ಬಂದಿದ್ದರು. ಚೀಟಿಯನ್ನು ಕಣ್ಣಿನ ಹತ್ತಿರ ತಂದು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. “ಯಾರು ಬರದಾರವಾ? ನಮ್ಮವ್ವ ಗದರಿಸಿದಂಗ ಅದ.” ಆಮೇಲೆ ಕೈಚೀಲದಲ್ಲಿ ಬೆಲ್ಲದ ಪಕ್ಕ ಇಟ್ಟಿದ್ದ ಬೀಜದ ಗಂಟನ್ನು ಹೊರತೆಗೆದು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೋದರು.

ಮನೆಗೆ ಬಂದು ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿದೆ. ಅತ್ತೆಯವರಿಗೆ ಮುದುಕರ ಮಾತು ಹೇಳುತ್ತ ಇಬ್ಬರೂ ಉಂಡೆವು. ಅವರು ಮೊದಲು ಮಲಗಿದರು.