ಕೊನೆಯ ಫಾರಂ ಇಲ್ಲದ ಪುಸ್ತಕ

ಹೋದ ಭಾನುವಾರ ಮೊಮ್ಮಗಳು ಭೈರುಂಬೆಯ ಗೆಳತಿಯ ಮನೆಯಿಂದ ಒಂದು ಹಳೆಯ ಪುಸ್ತಕ ತಂದು ನನ್ನ ಕೈಗಿಟ್ಟಳು. ಅಟ್ಟ ಗುಡಿಸುವಾಗ ಸಿಕ್ಕಿತಂತೆ. ನನ್ನ ಕನ್ನಡಕ ಒಳಗಿತ್ತು, ಹೆಸರು ಓದಲಾಗಲಿಲ್ಲ. ಆದರೆ ಪುಟ ತಿರುವಿದ ಕೂಡಲೇ ಫಿನೈಲಿನ ವಾಸನೆ ಬಂತು. ಇಷ್ಟು ವರ್ಷಗಳಾದ ಮೇಲೆ ಬಹಳ ತೆಳುವಾಗಿತ್ತು, ಆದರೂ ಅದೇ ವಾಸನೆ. ಹೆಸರು ಓದುವುದೇ ಬೇಡವಾಯಿತು. ಆ ಪುಸ್ತಕದ ಪ್ರತಿಗಳೆಲ್ಲ ದನದ ಆಸ್ಪತ್ರೆಯ ಔಷಧದ ಕೋಣೆಯಲ್ಲಿ, ಖಾಲಿ ರಟ್ಟಿನ ಡಬ್ಬಗಳಲ್ಲಿ ಇದ್ದವು. ಶಿರಸಿಯಲ್ಲಿ ಅದನ್ನು ಓದಿದವರೆಲ್ಲ ಸ್ವಲ್ಪ ಮೂಗಿನಿಂದಲೂ ಓದಿದ್ದಾರೆ.

"ಯಾರು ಬರೆದಿದ್ದು ಅಮ್ಮಮ್ಮ? ನೀ ಎಂತಕ್ಕೆ ನಗ್ತೆ?" ಎಂದು ಅವಳು ಕೇಳಿದಳು.

ಬಾಯಲ್ಲಿ ಹೇಳಲು ಹೋದರೆ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ ಎಂಬುದು ಮೊಮ್ಮಕ್ಕಳಾದ ನಿಮಗೆಲ್ಲ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಆಗ ಶಿರಸಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಇದ್ದೆವು. ನನ್ನ ಮಗ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯಲ್ಲಿ ದನದ ಆಸ್ಪತ್ರೆಯ ಕಂಪೌಂಡರು ಇದ್ದರು. ನಮ್ಮ ಕಡೆಯವರೇ ಆದ್ದರಿಂದ ನಾನು ಅವರನ್ನು ಕಂಪೌಂಡರಣ್ಣ ಎನ್ನುತ್ತಿದ್ದೆ. ಎನ್ನುತ್ತಿದ್ದೆ ಎಂದರೆ ಮನಸ್ಸಿನಲ್ಲಿ. ಎದುರಿಗೆ ಹಾಗೆ ಕರೆದದ್ದು ಕಡಿಮೆ.

ಊರಿನ ವಾರಪತ್ರಿಕೆಯಲ್ಲಿ ಅವರ ನಗೆಬರಹ ಬರುತ್ತಿತ್ತು. ಮದುವೆಯ ಚಪ್ಪರಕ್ಕೆ ನುಗ್ಗಿದ ಹೋರಿ, ಡಾಕ್ಟರ ಚಪ್ಪಲಿ ಮೆದ್ದ ಆಡು, ಎಮ್ಮೆಗೆ ಕೊಟ್ಟ ಮಾತ್ರೆಯನ್ನು ತಾನೇ ನುಂಗಿದ ಯಜಮಾನ... ಇಂಥವು. ಅವರ ಬರಹಗಳಿಗೆಲ್ಲ ಒಂದು ಕ್ರಮವಿತ್ತು. ಇನ್ನೇನು ಮುಗಿಯಬೇಕು ಎನ್ನುವಾಗ ಟಕ್ಕನೆ ನಿಂತುಬಿಡುತ್ತಿದ್ದವು. ಹೋರಿ ಬೀಗರ ಎಲೆಯ ಹತ್ತಿರ ಬಂತು, ಬೀಗರು ಪಂಚೆ ಎತ್ತಿಕೊಂಡು ಎದ್ದು ನಿಂತರು, ಉಳಿದದ್ದು ನಿಮಗೇ ಗೊತ್ತಿದೆ. ಅಷ್ಟೇ! ಉಳಿದದ್ದನ್ನು ಓದಿದವರು ತಮ್ಮ ತಮ್ಮ ಮನೆಯಲ್ಲಿ ಮುಗಿಸಿಕೊಳ್ಳುತ್ತಿದ್ದರು. ಊರನ್ನೆಲ್ಲ ನಗಿಸಿದ ಆ ಮನುಷ್ಯ ತಾವು ನಕ್ಕದ್ದನ್ನು ಮಾತ್ರ ನಾನು ನೋಡಿರಲಿಲ್ಲ. ಯಾವಾಗಲೂ ಹಲ್ಲು ನೋಯುವವರ ಮುಖ.

ಆ ಬರಹಗಳನ್ನು ಬರೆಯುತ್ತಲೇ ಅವರು ಒಂದು ಕಾದಂಬರಿ ಬರೆದರು. ಅದೂ ಪತ್ತೇದಾರಿ, ಅದೂ ನಗೆಯದು. ಪುಸ್ತಕ ಪ್ರೆಸ್ಸಿನಿಂದ ಬಂದ ದಿನವೇ ಒಂದು ಪ್ರತಿ ತಂದು ನಮ್ಮ ಅತ್ತೆಯವರ ಕೈಯಲ್ಲಿಟ್ಟು ನಮಸ್ಕಾರ ಮಾಡಿದರು. ಅತ್ತೆಯವರಿಗೆ ಓದಲು ಬರುತ್ತಿರಲಿಲ್ಲ. ಊಟದ ಪಾತ್ರೆ ತೊಳೆದಾದ ಮೇಲೆ ನಾನು ಗಟ್ಟಿಯಾಗಿ ಓದುವುದು, ಅವರು ಬತ್ತಿ ಹೊಸೆಯುತ್ತ ಕೇಳುವುದು. ಎದುರು ಮನೆಯ ಬನವಾಸಿ ಅಕ್ಕನೂ ಬಂದು ಕೂರುತ್ತಿದ್ದರು. ಬೇರೆಯವರ ಮಾತನ್ನು ಓದಲು ನನಗೆ ಎಂದೂ ನಾಚಿಕೆಯಾಗಿದ್ದಿಲ್ಲ. ನನ್ನ ಮಾತು ಆಡಬೇಕಾದಾಗಲೇ ಕಷ್ಟ.

ಕತೆ ಇಷ್ಟು. ಒಬ್ಬ ಮದುವೆ ದಲ್ಲಾಳಿ, ಮಹಾ ಮಾತುಗಾರ. ಒಂದು ಮನೆಯ ಹುಡುಗಿಗೆ ಗಂಡು ತೋರಿಸುತ್ತಲೇ ಇದ್ದಾನೆ, ಮದುವೆ ಮಾತ್ರ ಆಗುವುದಿಲ್ಲ. ಮತ್ತೊಬ್ಬ ಗಂಡು ಬರುವ ದಿನ ಬೆಳಿಗ್ಗೆ ನೋಡಿದರೆ, ರಾತ್ರಿ ಅಲ್ಲೇ ಉಳಿದಿದ್ದ ದಲ್ಲಾಳಿ ಅದೇ ಮನೆಯ ಜಗುಲಿಯಲ್ಲಿ ಸತ್ತು ಬಿದ್ದಿದ್ದಾನೆ. ಅವನ ಕಟ್ಟಿಸಿದ ಹಲ್ಲಿನ ಸೆಟ್ಟು ಮಾಯ! ರಕ್ತ ಕಂಡರೆ ತಲೆ ತಿರುಗುವ ಒಬ್ಬ ಹವಾಲ್ದಾರ ಬಂದು ಪುಸ್ತಕದ ತುಂಬ ಆ ಹಲ್ಲು ಹುಡುಕುತ್ತಾನೆ. ಕೊನೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಹಲ್ಲು ಕದ್ದವರೇ ಕೊಂದವರು, ಅವರು ಬೇರೆ ಯಾರೂ ಅಲ್ಲ, ಎನ್ನುತ್ತಾನೆ. ಅಲ್ಲಿಗೆ ಪುಟ ಮುಗಿಯಿತು. ಆಚೆ ರಟ್ಟು.

ನಾನು ಪುಸ್ತಕ ಮಡಚಿದೆ. ಅತ್ತೆಯವರು ತೊಡೆ ತಟ್ಟಿಕೊಂಡು ನಕ್ಕರು. "ನೋಡು, ಇಷ್ಟು ದೊಡ್ಡ ಪುಸ್ತಕದಲ್ಲೂ ಅವ ತನ್ನ ಚಾಳಿ ಬಿಟ್ಟಿದ್ನಿಲ್ಲೆ!"

ನಮಗೆ ಬೇರೆ ಏನೂ ಅನಿಸಲೇ ಇಲ್ಲ. ವಾರವಾರವೂ ಹಾಗೇ ನಿಲ್ಲಿಸುವವರು ಕಾದಂಬರಿಯನ್ನೂ ಹಾಗೇ ನಿಲ್ಲಿಸಿದ್ದಾರೆ. ಉಳಿದದ್ದು ನಮಗೇ ಗೊತ್ತಿರಬೇಕು. ಕೊಂದವರು ಯಾರು ಎಂದು ಓಣಿಯಲ್ಲಿ ಜಗಳ ಶುರುವಾಯಿತು. ನಿಮ್ಮ ಅಜ್ಜ ಕೂಡ ರಾತ್ರಿ ಪೂರಾ ಪುಸ್ತಕ ಓದಿ ಆ ಜಗಳಕ್ಕೆ ಸೇರಿಕೊಂಡರು.

ಕಂಪೌಂಡರಣ್ಣನಿಗೆ ಮಾತ್ರ ಆ ದಿನಗಳು ಒಳ್ಳೆಯವಾಗಿರಲಿಲ್ಲ. ಸಿಕ್ಕಿದವರ ಹತ್ತಿರವೆಲ್ಲ ಅಭಿಪ್ರಾಯ ಕೇಳುತ್ತಿದ್ದರು. ಎಕ್ಕಂಬಿಯಿಂದ ಎಮ್ಮೆ ಹೊಡೆದುಕೊಂಡು ಬಂದವನೊಬ್ಬ, "ಓದೇನ್ರೀ ಸಾಹೇಬ್ರ, ಚಲೋ ಐತಿ, ಮೊದಲ ಎಮ್ಮಿ ನೋಡ್ರಿ" ಅಂದನಂತೆ. ಸಿದ್ದಾಪುರದ ನೆಂಟರೊಬ್ಬರು ಮನೆಯಲ್ಲಿ ಹೆಣ ಇಟ್ಟುಕೊಂಡು ನಗುವುದು ಹೇಗೆ ಎಂದು ಪುಸ್ತಕವನ್ನೇ ವಾಪಸು ಕಳಿಸಿದರಂತೆ. ಯಲ್ಲಾಪುರದ ಹಳೆಯ ಸ್ನೇಹಿತರು, ನಿನ್ನ ಉಸಿರು ಒಂದು ಪುಟಕ್ಕೆ ಸಾಕು, ಪುಸ್ತಕಕ್ಕೆ ಸಾಲದು ಎಂದು ಬರೆದಿದ್ದರು. ಇದನ್ನೆಲ್ಲ ಅವರು ಸಹಿಸಿಕೊಂಡಿದ್ದರು. ಆದರೆ ಕಾಲೇಜಿನ ಲೆಕ್ಚರರೊಬ್ಬರು ನಾಲ್ಕು ಜನರ ಎದುರಿಗೆ, ಎಲ್ಲ ಸರಿ, ಕೊನೆಯನ್ನು ಮಾತ್ರ ಚಿಕ್ಕ ಮಗುವೂ ನಂಬುವುದಿಲ್ಲ ಎಂದುಬಿಟ್ಟರು. ಅದು ಅವರಿಗೆ ತಾಗಿತು.

ಹಿತ್ತಿಲ ಗೋಡೆಯ ಮೇಲಿಂದ ಅವರ ಹೆಂಡತಿ ನನ್ನ ಹತ್ತಿರ ಹೇಳಿದ್ದರು. ಎರಡನೆಯ ಕಾದಂಬರಿ ಅರ್ಧ ಬರೆದಾಗಿತ್ತಂತೆ. ಅದನ್ನು ಗಾಯಕ್ಕೆ ಕಟ್ಟುವ ಪಟ್ಟಿಯಲ್ಲೇ ಸುತ್ತಿ ಮೇಲೆ ಇಟ್ಟುಬಿಟ್ಟಿದ್ದರು. "ಇನ್ನು ಬರಿತ್ನಿಲ್ಲೆ ಹೇಳ್ತ. ಊಟಾನೂ ಸರಿ ಮಾಡ್ತ್ನಿಲ್ಲೆ" ಎಂದು ಅವರು ಕಣ್ಣು ಒರೆಸಿಕೊಂಡರು.

ಒಂದು ಭಾನುವಾರ ಮಧ್ಯಾಹ್ನ ಅವರು ನಮ್ಮ ಮನೆಗೂ ಅಭಿಪ್ರಾಯ ಕೇಳಲು ಬಂದರು. ಬಾಗಿಲಲ್ಲಿ ನಿಂತ ರೀತಿ ನೋಡಿದರೆ, ಇದೇ ಕೊನೆಯ ಮನೆ ಎಂದು ಗಟ್ಟಿ ಮಾಡಿಕೊಂಡು ಬಂದವರ ಹಾಗೆ ಇತ್ತು. ಬನವಾಸಿ ಅಕ್ಕನೂ ಇದ್ದರು. ನಾನು ಒಳಗೆ ಚಹಾಕ್ಕೆ ಇಟ್ಟೆ. ಅಡುಗೆಮನೆಯಿಂದ ಎಲ್ಲ ಕೇಳುತ್ತಿತ್ತು.

"ಕೊನೆ ಹೆಂಗಿದ್ದು ಅತ್ತೆ?" ಎಂದರು ಕಂಪೌಂಡರಣ್ಣ. ಬೇರೆ ಸುದ್ದಿಯೇ ಇಲ್ಲ.

"ಈ ವರ್ಷ ಕೊನೆ ತೆಳುವಡ ತಮಾ. ಅಣ್ಣನ ಮನೆಯಿಂದ ನಿನ್ನೆ ಬಂದವ ಹೇಳಿದ್ದ" ಎಂದರು ಅತ್ತೆ. ಅವರಿಗೆ ಕೊನೆ ಎಂದರೆ ಅಡಿಕೆಯ ಗೊನೆ.

"ಪುಸ್ತಕದ ಕೊನೆ ಅತ್ತೆ..."

"ಓ, ಅದಾ! ಅದರ ಕೊನೆಯೇ ಎಲ್ಲಕ್ಕಿಂತ ಚೊಲೋ ಇದ್ದು. ಅಡುಗೆ ಭಟ್ಟನೇ ಕೊಂದಿದ್ದ, ಯಂಗೆ ಮೊದಲೇ ಗೊತ್ತಿತ್ತು. ಸಾರು ಬರೀ ನೀರು ಹೇಳಿ ದಲ್ಲಾಳಿ ಎಲ್ಲರ ಎದುರಿಗೆ ಹೇಳಿರೆ ಯಾವ ಭಟ್ಟ ಬಿಡ್ತ?"

"ಭಟ್ಟ ಅಲ್ರೀ ಅಮ್ಮಾರ" ಎಂದರು ಬನವಾಸಿ ಅಕ್ಕ. "ಆ ಹುಡುಗಿ ಸೋದರಮಾವ. ಮೊದಲನೇ ಪುಟದಿಂದ ಮೀಸಿ ತಿರುವ್ತಾನ. ಕೆಲಸಿಲ್ಲದ ಮೀಸಿ ತಿರುವೋ ಮನಶ್ಯಾನ್ನ ನಂಬಬಾರದ್ರಿ."

"ಹವಾಲ್ದಾರನೇ" ಎಂದರು ನಿಮ್ಮ ಅಜ್ಜ. "ತಾನೇ ಕೊಂದು ತಾನೇ ಹುಡುಕ್ತಾ ಇದ್ದ. ಪಗಾರವೂ ಬಂತು."

ನಾನು ಚಹಾದ ತಟ್ಟೆ ಹಿಡಿದು ಹೊರಗೆ ಬಂದಾಗ ಕಂಪೌಂಡರಣ್ಣನ ಮುಖ ಬಿಳುಚಿಕೊಂಡಿತ್ತು. ಊರವರಂತೆ ಇವರೂ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿರಬೇಕು. "ನಿಂಗ ಕಡೇ ಪುಟದವರೆಗೂ ಓದಿದ್ರಾ?" ಎಂದು ಮೆಲ್ಲಗೆ ಕೇಳಿದರು.

"ಓದ್ದೆ ಹೇಳ್ತ್ವನಾ? ಸೊಸೆ ಒಂದಕ್ಷರ ಬಿಡ್ದೆ ಓದಿದ್ದು!" ಅತ್ತೆಯವರಿಗೆ ಸಿಟ್ಟೇ ಬಂತು.

ಅವರು ಕೈ ಚಾಚಿ ಪುಸ್ತಕ ತೆಗೆದುಕೊಂಡು ಹಿಂದಿನಿಂದ ತೆರೆದರು. ಕೊನೆಯ ಪುಟ ನೋಡಿದರು, ರಟ್ಟು ನೋಡಿದರು, ಮತ್ತೆ ಪುಟ ನೋಡಿದರು. ಬೆರಳಿನಿಂದ ಹೊಲಿಗೆಯನ್ನು ಸವರಿದರು. ಆಮೇಲೆ ಅವರ ಹೆಗಲು ಅಲ್ಲಾಡತೊಡಗಿತು. ಅಳುತ್ತಿದ್ದಾರೆ ಎಂದು ನನಗೆ ಗಾಬರಿಯಾಯಿತು. ಅಲ್ಲ, ನಗುತ್ತಿದ್ದರು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. ಅದೊಂದೇ ಸಲ ನಾನು ಅವರು ನಕ್ಕದ್ದನ್ನು ನೋಡಿದ್ದು...

"ಎಂತಾತು ತಮಾ?"

"ಎಂತಿಲ್ಲೆ ಅತ್ತೆ. ಕೊನೆ ಚೊಲೋ ಇದ್ದು ಹೇಳಿ ಯಂಗೂ ಈಗ ಕಂಡತು."

ಚಹಾ ಕುಡಿದು ಹೊರಟಾಗ ನಾನು ಖಾಲಿ ಲೋಟಗಳ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ಅವರು ದನಿ ತಗ್ಗಿಸಿ ಹೇಳಿದರು. "ತಂಗಿ, ಈ ಪ್ರತಿಗೆ ಪ್ರೆಸ್ಸಿನವ ಕಡೇ ಫಾರಂ, ಕೊನೇ ಪುಟಗಳ ಕಟ್ಟನ್ನೇ, ಸೇರಿಸಲೆ ಮರ್ತಿದ್ದ. ಕೊಂದವರ ಹೆಸರು ಅದರಲ್ಲಿತ್ತು. ಇವರ ಹತ್ರ ಹೇಳಡ. ನಿಂಗೆ ಬೇಕಾದ್ರೆ ಬೇರೆ ಪ್ರತಿ ತಂದು ಕೊಡ್ಲಾ?"

ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. ಅದನ್ನು ತಂದರೆ ಅತ್ತೆಯವರ ಭಟ್ಟ, ಅಕ್ಕನ ಸೋದರಮಾವ, ನಿಮ್ಮ ಅಜ್ಜನ ಹವಾಲ್ದಾರ, ಎಲ್ಲರೂ ಒಂದೇ ಸಲಕ್ಕೆ ಹೋಗಿಬಿಡುತ್ತಿದ್ದರು. ಮನೆಯಲ್ಲಿ ಅಷ್ಟು ನಗು ಬಂದು ಬಹಳ ಕಾಲವಾಗಿತ್ತು.

"ನಿನ್ನ ಲೆಕ್ಕದಲ್ಲಿ ಯಾರು ತಂಗಿ?" ಎಂದು ಕೇಳಿದರು.

ನನ್ನ ಮನಸ್ಸಿನಲ್ಲಿ ಒಬ್ಬರಿದ್ದರು. ಆ ಮನೆಯ ಹುಡುಗಿ. ಪ್ರತಿ ಅಧ್ಯಾಯದಲ್ಲೂ ಕಾಫಿಯ ತಟ್ಟೆ ಹಿಡಿದು ಬರುತ್ತಾಳೆ, ಇಡುತ್ತಾಳೆ, ಹೋಗುತ್ತಾಳೆ. ಇಡೀ ಪುಸ್ತಕದಲ್ಲಿ ಅವಳಿಗೆ ಒಂದು ಮಾತೂ ಇಲ್ಲ. ಹವಾಲ್ದಾರ ಅವಳ ಕೈಯ ಕಾಫಿ ಕುಡಿಯುತ್ತಾನೆ, ಅವಳನ್ನು ಮಾತ್ರ ಏನೂ ಕೇಳುವುದಿಲ್ಲ. ತಟ್ಟೆ ಹಿಡಿದು ತಿರುಗುವವರಿಗೆ ಯಾರು ಯಾವ ಲೋಟದಲ್ಲಿ ಹಲ್ಲು ಬಿಚ್ಚಿಟ್ಟು ಮಲಗುತ್ತಾರೆ ಎಂಬುದು ಗೊತ್ತಿರುವುದಿಲ್ಲವೇ? ಆದರೆ ಇದನ್ನೆಲ್ಲ ಪುಸ್ತಕ ಬರೆದವರ ಎದುರಿಗೆ ಹೇಳುವುದು ಹೇಗೆ... ನಾನು ಲೋಟಗಳನ್ನೇ ನೋಡುತ್ತ ನಿಂತೆ.

"ಹಂಗಾರೆ ನಿನ್ನ ಅಭಿಪ್ರಾಯ ಒಂದು ಬಾಕಿ ಉಳತ್ತು" ಎಂದು ಹೇಳಿ ಅವರು ಮೆಟ್ಟಿಲಿಳಿದರು.

ಆ ಸಂಜೆಯೇ ಅರ್ಧ ಬರೆದಿಟ್ಟದ್ದರ ಪಟ್ಟಿ ಬಿಚ್ಚಿದರಂತೆ. ಮರುದಿನ ಅವರ ಹೆಂಡತಿ ಗೋಡೆಯ ಮೇಲಿಂದ ಒಂದು ಬಟ್ಟಲು ಪಾಯಸ ಕೊಟ್ಟರು. ಆಮೇಲೆ ಅವರಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಎರಡನೆಯ ಕಾದಂಬರಿ ಅಲ್ಲಿಂದಲೇ ಬಂತು, ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸಿದ್ದರು. ನಾನು ಮೊದಲು ಹಿಂದಿನಿಂದ ತೆರೆದು ಹೊಲಿಗೆ ನೋಡಿದೆ. ಪೂರ್ತಿ ಇತ್ತು. ಅತ್ತೆಯವರಿಗೆ ಅದು ಅಷ್ಟು ಹಿಡಿಸಲಿಲ್ಲ. "ಇದರಲ್ಲಿ ಎಲ್ಲ ಅವನೇ ಹೇಳಿಬಿಟ್ಟಿದ್ದ. ನಮಗೆ ಎಂತ ಕೆಲಸ?" ಎಂದರು. ಮೊದಲನೆಯದರ ಭಟ್ಟನನ್ನು ಅವರು ಕಡೆಯವರೆಗೂ ಬಿಡಲಿಲ್ಲ.

ಅತ್ತೆಯವರು ಹೋದ ಮೇಲೆ ಒಂದು ಪೂರ್ತಿ ಪ್ರತಿ ಕೇಳಬಹುದಿತ್ತು. ಕೇಳಲಿಲ್ಲ. ಅದರಲ್ಲಿ ಹುಡುಗಿ ಅಲ್ಲದೆ ಬೇರೆ ಯಾರಾದರೂ ಇದ್ದರೆ ನನಗೆ ಬೇಸರವಾಗುತ್ತಿತ್ತು. ಮುಂದೆ ಕೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಕಂಪೌಂಡರಣ್ಣನೇ ಯಲ್ಲಾಪುರದಲ್ಲಿ ತೀರಿಕೊಂಡರು. ನಾನೂ ನಿಮ್ಮ ಅಜ್ಜನೂ ಹೋಗಿ ಬಂದೆವು. ಈಗ ನಿಮ್ಮ ಅಜ್ಜನೂ ಇಲ್ಲ, ಬನವಾಸಿ ಅಕ್ಕನೂ ಇಲ್ಲ. ಆ ಜಗಳದಲ್ಲಿ ಉಳಿದವಳು ನಾನೊಬ್ಬಳೇ, ಅದೂ ಬಾಯಿಯನ್ನೇ ತೆರೆಯದವಳು.

ಭೈರುಂಬೆಯಿಂದ ಬಂದ ಪುಸ್ತಕದಲ್ಲಿ ಕಡೆಯ ಫಾರಂ ಇದೆ. ಎರಡು ದಿನ ಅದನ್ನು ಮುಟ್ಟಲಿಲ್ಲ. ನಿನ್ನೆ ಕನ್ನಡಕ ಹಾಕಿಕೊಂಡು ಕೂತು ಓದಿದೆ.

ಹುಡುಗಿಯೇ.

ದಲ್ಲಾಳಿ ಲೋಟದಲ್ಲಿ ಬಿಚ್ಚಿಟ್ಟ ಹಲ್ಲನ್ನು ಅವಳು ಎತ್ತಿಕೊಂಡು ಹೋಗಿದ್ದಳು. ಬೆಳಿಗ್ಗೆ ಹಸಿದು ಎದ್ದ ದಲ್ಲಾಳಿ, ಗಂಡಿನವರಿಗೆಂದು ಕಟ್ಟಿಟ್ಟ ಉಂಡೆಯನ್ನು ಹಲ್ಲಿಲ್ಲದೆ ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಂಡ. ಯಾಕಮ್ಮಾ ಕದ್ದೆ, ಎಂದು ಹವಾಲ್ದಾರ ಕೇಳುತ್ತಾನೆ. ಅವಳು ಪುಸ್ತಕದಲ್ಲಿ ಮೊದಲ ಸಲ ಬಾಯಿ ತೆರೆಯುತ್ತಾಳೆ. ಇವತ್ತೊಂದು ದಿನ ಇವರು ಸುಮ್ಮನಿದ್ದರೆ ಗಂಡಿನ ಹತ್ತಿರ ನಾನೇ ಮಾತಾಡೋಣ ಅಂತಿದ್ದೆ, ಎನ್ನುತ್ತಾಳೆ.

ನಾನು ಪುಸ್ತಕ ಮಡಚಿದೆ. ಲೆಕ್ಚರರು ಯಾವುದನ್ನು ನಂಬಲಾಗುವುದಿಲ್ಲ ಎಂದಿದ್ದರು ಎಂದು ಈಗ ತಿಳಿಯಿತು. ಕಂಪೌಂಡರಣ್ಣ ಆ ದಿನ ಬಾಗಿಲಲ್ಲಿ ಯಾರ ಬಾಯಿಂದ ಏನು ಕೇಳಲು ಕಾದಿದ್ದರೋ... ನನಗೆ ಬೇಸರವೇನೂ ಆಗಲಿಲ್ಲ. ಸ್ವಲ್ಪ ಹೆಮ್ಮೆಯೇ ಆಯಿತು. ಯಾರಿಗೆ ಹೇಳಬೇಕಿತ್ತೋ ಅವರು ಇಲ್ಲವಲ್ಲ ಎಂದು ಮಾತ್ರ ಅನಿಸಿತು.

ಮೊಮ್ಮಗಳು ಒಳಗಿನಿಂದ ಬಂದು, "ಕೊನೆ ಹೆಂಗಿದ್ದು ಅಮ್ಮಮ್ಮ? ನಂಬ್ಲೆ ಆಗ್ತಾ?" ಎಂದು ಕೇಳಿದಳು. ಅವಳ ಕೈಯಲ್ಲಿ ಚಹಾದ ತಟ್ಟೆ ಇತ್ತು.

"ನಂಬ್ಲೆ ಆಗ್ತು" ಎಂದೆ. ಗೋಡೆಯಾಚೆ ಯಾರೋ ಕೇಳುತ್ತಿದ್ದಾರೆ ಎನ್ನುವ ಹಾಗೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.